ರಿಜಿಸ್ಟರಿನ ಕೆಂಪು ಚುಕ್ಕೆ

(ಸಣ್ಣ ಮತ್ತು ಮಧ್ಯಮ ವ್ಯಾಪಾರ ನಡೆಸುವವರ ಎದುರು ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೆಬ್‌ಸೈಟ್ ಮಾಡಿಸಿದರೆ, ನಮ್ಮ ವ್ಯಾಪಾರಕ್ಕೆ ತಕ್ಕ ಸಾಫ್ಟ್‌ವೇರ್ ಬರೆಸಿದರೆ ಏನು ಉಪಯೋಗ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಇಂಥ ವಿಷಯಕ್ಕೆ ಜನ ಬಣ್ಣಬಣ್ಣದ ಸ್ಲೈಡ್ ತರುತ್ತಾರೆ. ನಾನು ಒಂದು ಕೆಂಪು ಚುಕ್ಕೆ ತಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಸಂಸ್ಥೆಗೆ ಹೋಗಿದ್ದೆ. ಜನರೇಟರ್, ಪಂಪ್, ಕಲ್ಲು ಕೊರೆಯುವ ಮಷೀನ್, ಇಂಥವು. ವೆಬ್‌ಸೈಟನ್ನು ಸ್ವಲ್ಪ ಚೆನ್ನಾಗಿ ಕಾಣುವ ಹಾಗೆ ಮಾಡಿಕೊಡಿ ಅಂತ ಕರೆದಿದ್ದರು. ಅವರ ಹತ್ತಿರ ಆಗಲೇ ಒಂದು ರೆಡಿಮೇಡ್ ಸಾಫ್ಟ್‌ವೇರ್ ಇತ್ತು. ದುಡ್ಡು ಕೊಟ್ಟು ಕೊಂಡಿದ್ದು, ಕೆಟ್ಟದ್ದೇನಲ್ಲ. ಆದರೂ ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಒಂದು ತೆರೆದೇ ಇರುತ್ತಿತ್ತು. ಅದರಲ್ಲಿ ಕೆಲವು ಯಂತ್ರಗಳ ನಂಬರಿನ ಪಕ್ಕ ಕೆಂಪು ಪೆನ್ನಿನ ಚುಕ್ಕೆ.

"ಇದೇನು ಸರ್?" ಅಂದೆ.

"ಬಂದಿದೆ, ಆದ್ರೆ ಕೊಡೋ ಹಾಗಿಲ್ಲ" ಅಂದರು.

ವಿಷಯ ಇಷ್ಟೇ. ಗಿರಾಕಿ ಯಂತ್ರ ವಾಪಸ್ ತಂದಮೇಲೆ ಅದನ್ನು ತೊಳೆಯಬೇಕು, ಎಣ್ಣೆ ನೋಡಬೇಕು, ಒಮ್ಮೆ ಓಡಿಸಿ ನೋಡಬೇಕು. ಅರ್ಧ ದಿನ ಹಿಡಿಯುತ್ತದೆ. ಕೊಂಡುಕೊಂಡ ಸಾಫ್ಟ್‌ವೇರಿಗೆ ಗೊತ್ತಿದ್ದಿದ್ದು ಎರಡೇ ಸ್ಥಿತಿ: ಹೊರಗಿದೆ, ಒಳಗಿದೆ. ವಾಪಸ್ ಬಂದ ಕ್ಷಣವೇ ಅದು "ಒಳಗಿದೆ" ಅಂತ ತೋರಿಸುತ್ತಿತ್ತು. ಇನ್ನೊಂದು ಶಾಖೆಯವರು ಅದನ್ನು ನೋಡಿ ಗಿರಾಕಿಗೆ ಮಾತು ಕೊಟ್ಟುಬಿಡುತ್ತಿದ್ದರು. ಆಮೇಲೆ ಫೋನ್, ಜಗಳ, ಕ್ಷಮೆ. ಕೊನೆಗೆ ಎಲ್ಲರೂ ಒಂದು ಪಾಠ ಕಲಿತಿದ್ದರು: ಸ್ಕ್ರೀನ್ ಏನೇ ಹೇಳಲಿ, ಮೊದಲು ಆ ಹಿರಿಯರಿಗೆ ಫೋನ್ ಮಾಡು. ಅವರು ರಜೆ ಹಾಕಿದ ದಿನ ಆ ಸಂಸ್ಥೆ ಅರ್ಧ ಕುರುಡಾಗುತ್ತಿತ್ತು.

ಅವರಿಗೆ ಬೇಕಾಗಿದ್ದು ಚಂದದ ವೆಬ್‌ಸೈಟ್ ಅಲ್ಲ. ಆ ಚುಕ್ಕೆ ಎಲ್ಲರಿಗೂ ಕಾಣಬೇಕಿತ್ತು, ಅಷ್ಟೇ. ನಮಗಾಗಿಯೇ ಬರೆಸಿದ ಸಾಫ್ಟ್‌ವೇರ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈಗ ಕೊಡುವ ಉತ್ತರ ಇದೇ. ಬಟ್ಟೆಯ ಹೋಲಿಕೆ ಎಲ್ಲರೂ ಕೊಡುತ್ತಾರೆ, ರೆಡಿಮೇಡ್ ಶರ್ಟು, ಅಳತೆ ಕೊಟ್ಟು ಹೊಲಿಸಿದ ಶರ್ಟು ಅಂತ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಶರ್ಟು ಹೊಲಿದು ಕೊಟ್ಟ ಮೇಲೆ ದರ್ಜಿಗೂ ನಿಮಗೂ ಸಂಬಂಧ ಮುಗಿಯಿತು. ಸಾಫ್ಟ್‌ವೇರಿನದು ಹಾಗಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇದು ಹೊಸ ವಿಚಾರ ಏನಲ್ಲ. ಬ್ರಿಟನ್ನಿನಲ್ಲಿ ಜೆ. ಲಯನ್ಸ್ ಅಂತ ಒಂದು ಕಂಪನಿ ಇತ್ತು. ಚಹಾ ಅಂಗಡಿಗಳ ಕಂಪನಿ. ದೇಶದ ತುಂಬ ಅಂಗಡಿ, ದಿನಾ ರಾಶಿ ರಾಶಿ ಸಣ್ಣ ಬಿಲ್ಲು, ಲೆಕ್ಕ ಬರೆಯಲು ಗುಮಾಸ್ತರ ಸೈನ್ಯ. ಅವರಿಗೆ ಬೇಕಾದಂಥ ಕಂಪ್ಯೂಟರ್ ಮಾರುವವರು ಆಗ ಯಾರೂ ಇರಲಿಲ್ಲ. ಹಾಗಾಗಿ ತಾವೇ ಒಂದು ಕಟ್ಟಿಕೊಂಡರು! ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಕಂಪ್ಯೂಟರಿನ ಮಾದರಿ ಹಿಡಿದು ಕಟ್ಟಿದ ಅದಕ್ಕೆ ಲಿಯೋ ಅಂತ ಹೆಸರಿಟ್ಟರು. 1951ರ ನವೆಂಬರಿನಲ್ಲಿ ಅದು ಅವರ ಬೇಕರಿಗಳ ಲೆಕ್ಕ ಮಾಡಿತು. ವ್ಯಾಪಾರದ ನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಇಳಿದಿದ್ದು ಅಲ್ಲಿಂದ.

ನನಗೆ ಇಷ್ಟವಾಗುವುದು ಲಿಯೋ ಆಮೇಲೆ ಮಾಡಿದ ಇನ್ನೊಂದು ಕೆಲಸ. ಪ್ರತಿ ಅಂಗಡಿಗೂ ದಿನಾ ಏನೇನು ಕಳಿಸಬೇಕು ಅನ್ನುವ ಪಟ್ಟಿ ಬೇಕಲ್ಲ, ಅದನ್ನು ದಿನವೂ ಹೊಸದಾಗಿ ಬರೆಸಲಿಲ್ಲ. ಪ್ರತಿ ಅಂಗಡಿಗೂ ಒಂದು ಕಾಯಂ ಪಟ್ಟಿ. ಅಂಗಡಿ ನಡೆಸುವಾಕೆ ಫೋನ್ ಮಾಡಿ, ಇವತ್ತು ಏನು ವ್ಯತ್ಯಾಸ ಅನ್ನುವುದನ್ನಷ್ಟೇ ಹೇಳಬೇಕು. ಇದು ಜಾಸ್ತಿ, ಅದು ಕಡಿಮೆ, ಮುಗಿಯಿತು. ಫೋನ್ ಎತ್ತಿದವರು ಮಾತು ಕೇಳುತ್ತಲೇ, ಕಂಪ್ಯೂಟರ್ ಓದುವ ಕಾರ್ಡಿನ ಮೇಲೆ ತೂತು ಒತ್ತುತ್ತಿದ್ದರು. ಗೊತ್ತಿರುವುದನ್ನು ಮತ್ತೆ ಮತ್ತೆ ಬರೆಸಬೇಡ, ಬದಲಾಗಿದ್ದನ್ನು ಮಾತ್ರ ಕೇಳು. ಇವತ್ತಿಗೂ ನಾನು ನೋಡುವ ಅರ್ಧಕ್ಕರ್ಧ ಆನ್‌ಲೈನ್ ಫಾರ್ಮುಗಳಿಗೆ ಇಷ್ಟು ಬುದ್ಧಿ ಇಲ್ಲ. ಹತ್ತು ವರ್ಷದ ಗಿರಾಕಿಯ ವಿಳಾಸವನ್ನು ಪ್ರತಿ ಸಲವೂ ಕೇಳುತ್ತವೆ.

ಇನ್ನು ವೆಬ್. ಅದು ಹುಟ್ಟಿದ್ದೂ ಇಂಥದ್ದೇ ಒಂದು ತಲೆನೋವಿನಿಂದ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಒಂದು ಪ್ರಸ್ತಾವ ಬರೆದರು. ಅದರಲ್ಲಿದ್ದ ದೂರು ಏನು ಗೊತ್ತಾ? ಇಲ್ಲಿ ಜನ ಸುಮಾರು ಎರಡು ವರ್ಷ ಇದ್ದು ಹೋಗಿಬಿಡುತ್ತಾರೆ, ಅವರ ಜೊತೆ ಅವರಿಗೆ ಗೊತ್ತಿದ್ದ ಸಂಗತಿಗಳೂ ಹೋಗಿಬಿಡುತ್ತವೆ ಅಂತ. ರಜೆ ಹಾಕಿದ ಸ್ಟೋರಿನ ಹಿರಿಯರದ್ದೇ ಕಥೆ, ಅಲ್ವಾ? 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಜ್ಞಾನವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಇವತ್ತು ನಿಮ್ಮ ವ್ಯಾಪಾರದ ಸಾಫ್ಟ್‌ವೇರನ್ನು ಬ್ರೌಸರ್ ಇರುವ ಯಾವ ಫೋನಿನಲ್ಲಾದರೂ ತೆರೆಯಬಹುದು. ಒಂದೊಂದು ಕಂಪ್ಯೂಟರಿಗೂ ಸಿಡಿ ಹಾಕಿ ಕೂರುವ ಕೆಲಸ ಇಲ್ಲ. ತಿದ್ದುಪಡಿಯನ್ನು ಸರ್ವರಿನಲ್ಲಿ, ಅಂದರೆ ಎಲ್ಲರಿಗೂ ಪುಟ ಕಳಿಸುವ ಆ ಒಂದು ಕಂಪ್ಯೂಟರಿನಲ್ಲಿ, ಒಂದು ಸಲ ಮಾಡಿದರೆ ಸಾಕು.

ಆದರೆ ಆ ಮೊದಲಿನ ವೆಬ್ಬಿಗೆ ನೆನಪೇ ಇರಲಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಆಮೇಲೆ ನಿಮ್ಮನ್ನು ಮರೆತೇಬಿಡುತ್ತದೆ. ಓದುವುದಕ್ಕೆ ಅದು ಸಾಕು, ವ್ಯಾಪಾರಕ್ಕೆ ಸಾಲದು. ಗಿರಾಕಿ ಒಂದು ಸಾಮಾನು ಆರಿಸಿ ಮುಂದಿನ ಪುಟಕ್ಕೆ ಹೋದ ಕೂಡಲೇ "ನೀವ್ಯಾರು?" ಅಂದರೆ ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೊಂದು ದಾರಿ ಮಾಡಿದರು. ಸರ್ವರ್ ಒಂದು ಸಣ್ಣ ಚೀಟಿ ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಅದೇ ಕುಕಿ. ಜಾಹೀರಾತಿನವರು ಆಮೇಲೆ ಅದಕ್ಕೆ ಕೆಟ್ಟ ಹೆಸರು ತಂದರು ನಿಜ. ಅದು ಹುಟ್ಟಿದ್ದು ಮಾತ್ರ ಆನ್‌ಲೈನ್ ಅಂಗಡಿಯ ಬುಟ್ಟಿಗಾಗಿ.

ನೆನಪು ಬಂದಮೇಲೆ ಮುಂದಿನ ತೊಂದರೆ: ಒಂದೇ ವಸ್ತು, ಇಬ್ಬರು ಗಿರಾಕಿಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದುಡ್ಡು ಕಳೆದುಕೊಳ್ಳುವ ಜಾಗ ಇದೇ.

ಕೊನೆಯ ಒಂದು ಪಂಪ್ ಉಳಿದಿದೆ ಅಂದುಕೊಳ್ಳಿ. ಇಬ್ಬರು ಒಂದೇ ಗಳಿಗೆಯಲ್ಲಿ ಬುಕ್ ಮಾಡುತ್ತಾರೆ. ಅವಸರದಲ್ಲಿ ಬರೆದ ಸಾಫ್ಟ್‌ವೇರ್ ಹೀಗೆ ಮಾಡುತ್ತದೆ: ಮೊದಲು "ಎಷ್ಟಿದೆ?" ಅಂತ ಡೇಟಾಬೇಸನ್ನು, ಅಂದರೆ ಎಲ್ಲ ಲೆಕ್ಕ ಇಟ್ಟುಕೊಂಡಿರುವ ಕಂಪ್ಯೂಟರಿನ ರಿಜಿಸ್ಟರನ್ನು, ಕೇಳುತ್ತದೆ, "1" ಅಂತ ಉತ್ತರ ಬರುತ್ತದೆ, ಆಮೇಲೆ ಬುಕಿಂಗ್ ಬರೆಯುತ್ತದೆ. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಸಂದಿಯಲ್ಲಿ ಎರಡನೆಯವರೂ ಕೇಳುತ್ತಾರೆ, ಅವರಿಗೂ "1" ಅಂತಲೇ ಉತ್ತರ. ಇಬ್ಬರಿಗೂ "ನಿಮ್ಮ ಬುಕಿಂಗ್ ಆಗಿದೆ" ಅಂತ ಮೆಸೇಜ್ ಹೋಗುತ್ತದೆ. ಪರೀಕ್ಷೆ ಮಾಡುವಾಗ ಇದು ಸಿಗುವುದೇ ಇಲ್ಲ, ಯಾಕೆಂದರೆ ಆಗ ಒಬ್ಬರೇ ಕೂತು ಒತ್ತುತ್ತಿರುತ್ತಾರೆ. ವ್ಯಾಪಾರ ಜೋರಾಗಿರುವ ದಿನವೇ ಸಿಗುವುದು.

ಸರಿಯಾದ ದಾರಿ ಎಂದರೆ ಎರಡು ಮಾತನ್ನು ಒಂದೇ ಮಾತು ಮಾಡುವುದು. "ಈ ಪಂಪ್ ಖಾಲಿ ಇದ್ದರೆ ಮಾತ್ರ ಇವರ ಹೆಸರಿಗೆ ಬರೆ" ಅಂತ ಡೇಟಾಬೇಸಿಗೆ ಒಂದೇ ಸಲ ಹೇಳಬೇಕು. ಆಮೇಲೆ, ನಿನ್ನ ಪಟ್ಟಿಯಲ್ಲಿ ಎಷ್ಟು ಸಾಲು ಬದಲಾಯಿತು ಅಂತ ಕೇಳಬೇಕು. ಒಬ್ಬರಿಗೆ 1 ಅಂತ ಬರುತ್ತದೆ, ಇನ್ನೊಬ್ಬರಿಗೆ 0. ಸೊನ್ನೆ ಬಂದವರಿಗೆ "ಈಗಷ್ಟೇ ಹೋಯಿತು" ಅಂತ ಅಲ್ಲೇ ಹೇಳಿಬಿಡಬಹುದು. ಇಂಥ ಸಾಲು-ಪಟ್ಟಿಗಳ (ರಿಲೇಶನಲ್) ಡೇಟಾಬೇಸಿನ ಅಡಿಪಾಯ ಹಾಕಿದ್ದು 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಬರೆದ ಒಂದು ಲೇಖನ. ಅರ್ಧಕ್ಕೆ ನಿಲ್ಲದ, ಒಂದರ ಮೇಲೊಂದು ಬೀಳದ ವ್ಯವಹಾರ ಹೇಗಿರಬೇಕು ಅನ್ನುವುದನ್ನು ಗಟ್ಟಿ ಮಾಡಿದವರಲ್ಲಿ ಜಿಮ್ ಗ್ರೇ ಮುಖ್ಯರು, ಅವರಿಗೆ 1998ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಇಷ್ಟು ಹಳೆಯ ವಿದ್ಯೆ ಪುಕ್ಕಟೆಯಾಗಿ ಸಿಗುವಾಗಲೂ ಅದನ್ನು ಬಳಸದೆ ಬರೆದ ಕೋಡ್ ನಾನು ಬೇಕಾದಷ್ಟು ನೋಡಿದ್ದೇನೆ. ಒಂದೆರಡು ಕಡೆ ಬರೆದವನು ನಾನೇ.

ಹಣ ಪಾವತಿಯಲ್ಲೂ ಇದೇ ಆಟ. ಗಿರಾಕಿ "ಪೇ" ಒತ್ತುತ್ತಾರೆ, ನೆಟ್ ಕೈಕೊಡುತ್ತದೆ, ಚಕ್ರ ಸುತ್ತುತ್ತಲೇ ಇರುತ್ತದೆ. ಅವರು ಮತ್ತೆ ಒತ್ತುತ್ತಾರೆ. ಎರಡು ಸಲ ದುಡ್ಡು ಹೋಯಿತಾ? ಸರಿಯಾಗಿ ಬರೆದಿದ್ದರೆ ಆ ಒಂದು ಖರೀದಿಗೆ ಮೊದಲೇ ಒಂದು ನಂಬರ್ ಕೊಟ್ಟಿರುತ್ತಾರೆ. ಎರಡನೇ ಸಲವೂ ಅದೇ ನಂಬರ್ ಬಂದರೆ "ಇದು ಆಗಲೇ ಆಗಿದೆ" ಅಂತ ಸರ್ವರ್ ಹಳೆಯ ಉತ್ತರವನ್ನೇ ಕೊಡುತ್ತದೆ. ನಿಮಗೆ ಸಾಫ್ಟ್‌ವೇರ್ ಬರೆದುಕೊಡುವವರನ್ನು ಕೇಳಬೇಕಾದ ಪ್ರಶ್ನೆ ಇದು: ಎರಡು ಸಲ ಒತ್ತಿದರೆ ಏನಾಗುತ್ತದೆ? ಮುಖ ನೋಡಿ. ನಗು ಬಂದರೆ ಅವರು ಇದನ್ನು ಅನುಭವಿಸಿದ್ದಾರೆ ಅಂತ.

"ಇದೆಲ್ಲ ಯಾಕೆ, ನಮಗೆ ಎಕ್ಸೆಲ್ ಇದೆ" ಅನ್ನುವವರು ಈ ಸಭೆಯಲ್ಲೂ ಇದ್ದೀರಿ. ಎಕ್ಸೆಲ್ ಬಗ್ಗೆ ನನಗೆ ಗೌರವ ಇದೆ. ಒಬ್ಬರೇ ಕೂತು ಲೆಕ್ಕ ಹಾಕಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತೊಂದರೆ ಶುರುವಾಗುವುದು ಫೈಲು ಮೇಲ್‌ನಲ್ಲಿ ಓಡಾಡಲು ಶುರುವಾದಾಗ. "ಸ್ಟಾಕ್ ಫೈನಲ್", "ಸ್ಟಾಕ್ ಫೈನಲ್ 2", "ಸ್ಟಾಕ್ ಫೈನಲ್ ಹೊಸದು". ಯಾವುದು ನಿಜ? ಇನ್ನೊಂದು, ಎಕ್ಸೆಲ್ ನಿಮ್ಮನ್ನು ಕೇಳದೆ ಊಹೆ ಮಾಡುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರ್ ಹಾಕಿದರೆ ಸೊನ್ನೆ ತೆಗೆದುಬಿಡುತ್ತದೆ. ವಿಜ್ಞಾನಿಗಳಿಗೂ ಈ ಕಾಟ ತಪ್ಪಲಿಲ್ಲ. ಮನುಷ್ಯನ ಜೀನ್ ಒಂದಕ್ಕೆ ಮಾರ್ಚ್1 ಅಂತ ಹೆಸರಿತ್ತು. ಎಕ್ಸೆಲ್ ಅದನ್ನು ತಾರೀಖು ಅಂದುಕೊಳ್ಳುತ್ತಿತ್ತು. ಮೊದಲು ಬದಲಾಗಿದ್ದು ಎಕ್ಸೆಲ್ ಅಲ್ಲ, ಜೀನಿನ ಹೆಸರೇ ಮಾರ್ಚ್‌ಎಫ್1 ಅಂತ ಬದಲಾಯಿತು. ಸುಮ್ನೆ ಹೇಳುತ್ತಿಲ್ಲ, ಇಂಥ ಹೆಸರುಗಳಿಗೆ 2020ರಲ್ಲಿ ಹೊಸ ನಿಯಮವೇ ಬಂತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದಿದ್ದು ಇನ್ನೂ ದೊಡ್ಡದು. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಅಲ್ಲಿನ ಆರೋಗ್ಯ ಇಲಾಖೆ ಎಕ್ಸೆಲ್ಲಿನ ಹಳೆಯ ಮಾದರಿಯ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚಿಗೆ ಬಂದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಸೋಂಕಿತರು ಲೆಕ್ಕಕ್ಕೇ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ತಪ್ಪಾದಾಗ ಕೂಗಿಕೊಳ್ಳುವುದು ಒಳ್ಳೆಯ ಸಾಫ್ಟ್‌ವೇರಿನ ಗುಣ. ಆ ಫೈಲು ಕೂಗಿಕೊಳ್ಳಲಿಲ್ಲ.

ಹಾಗಂತ ಎಲ್ಲವನ್ನೂ ಬರೆಸಿಕೊಳ್ಳಿ ಅನ್ನುತ್ತಿಲ್ಲ. ಬದಲಿಗೆ, ಆದಷ್ಟು ಕಡಿಮೆ ಬರೆಸಿ. ಸಂಬಳದ ಲೆಕ್ಕ, ತೆರಿಗೆಯ ಲೆಕ್ಕ, ಇಮೇಲ್: ಇವು ಎಲ್ಲ ಸಂಸ್ಥೆಯಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಮಾರುಕಟ್ಟೆಯಲ್ಲಿ ಸಿಗುವುದನ್ನು ತಗೊಳ್ಳಿ. ನಿಮ್ಮ ಪರಿಚಯ, ವಿಳಾಸ, ಸಮಯ, ಫೋಟೋ ಹಾಕುವ ವೆಬ್‌ಸೈಟಾದರೆ ವರ್ಡ್‌ಪ್ರೆಸ್ ಥರದ, ವೆಬ್‌ಸೈಟ್ ಕಟ್ಟುವ ರೆಡಿಮೇಡ್ ಸಾಫ್ಟ್‌ವೇರ್ ಸಾಕು. 2003ರಲ್ಲಿ ಬಂದ ಅದು ಇವತ್ತು ಜಗತ್ತಿನ ಹತ್ತರಲ್ಲಿ ನಾಲ್ಕು ವೆಬ್‌ಸೈಟುಗಳನ್ನು ನಡೆಸುತ್ತಿದೆ. ಬರೆಸಬೇಕಾಗಿದ್ದು ಕೆಂಪು ಚುಕ್ಕೆಯನ್ನು ಮಾತ್ರ. ಅಂದರೆ, ನಿಮ್ಮಲ್ಲಿ ಇದ್ದು ಪಕ್ಕದವರಲ್ಲಿ ಇಲ್ಲದ ಆ ಪದ್ಧತಿಯನ್ನು.

ಬಾಡಿಗೆ ಸಂಸ್ಥೆಯ ಕಥೆಗೆ ವಾಪಸ್ ಬರೋಣ. ಚುಕ್ಕೆ ಸಿಕ್ಕಿತು ಅಂತ ನಾನು ಹಿಗ್ಗಿ ಹೀರೇಕಾಯಿ ಆದೆ. ಆ ಹಿಗ್ಗಿನಲ್ಲಿ ಒಂದು ತಪ್ಪು ಮಾಡಿದೆ. ಯಂತ್ರ ವಾಪಸ್ ಬಂದಾಗ ತುಂಬಲು 14 ಖಾನೆಗಳ ಫಾರ್ಮ್ ಮಾಡಿದೆ. ಎಣ್ಣೆ ಎಷ್ಟಿದೆ, ಗೀರು ಎಲ್ಲಿದೆ, ಓಡಿದ ಗಂಟೆ, ತಪಾಸಣೆ ಮಾಡಿದವರ ಅಭಿಪ್ರಾಯ, ಹೀಗೆ. ಮಾಲೀಕರಿಗೆ ಬಹಳ ಖುಷಿಯಾಯಿತು, ರಿಪೋರ್ಟ್ ಸಿಗುತ್ತದಲ್ಲ! ಒಂದು ತಿಂಗಳಾದ ಮೇಲೆ ಡೇಟಾಬೇಸ್ ತೆರೆದು ನೋಡಿದೆ. ಪ್ರತಿ ಖಾನೆಯಲ್ಲೂ ಒಂದೊಂದು ಫುಲ್‌ಸ್ಟಾಪ್. ಖಾಲಿ ಬಿಟ್ಟರೆ ಸೇವ್ ಆಗುತ್ತಿರಲಿಲ್ಲ, ಹಾಗಾಗಿ ಎಣ್ಣೆ ಮೆತ್ತಿದ ಕೈಯಲ್ಲಿ ಆ ಹುಡುಗರು 14 ಸಲ ಚುಕ್ಕೆ ಒತ್ತಿ ಮುಂದೆ ಹೋಗುತ್ತಿದ್ದರು. ಕೆಂಪು ಚುಕ್ಕೆ ತೆಗೆಯಲು ಹೋಗಿ ಸಾವಿರಾರು ಕಪ್ಪು ಚುಕ್ಕೆ ತಂದಿದ್ದೆ.

ಫಾರ್ಮ್ ಕಿತ್ತುಹಾಕಿದೆ. ಎರಡು ದೊಡ್ಡ ಬಟನ್ ಇಟ್ಟೆ. "ಸರಿ ಇದೆ", "ರಿಪೇರಿ ಬೇಕು". ಎರಡನೆಯದನ್ನು ಒತ್ತಿದರೆ ಮಾತ್ರ ಒಂದು ಫೋಟೋ ತೆಗೆಯಲು ಕೇಳುತ್ತದೆ. ಅಷ್ಟೇ. ಆಮೇಲೆ ಮಾಹಿತಿ ನಿಜವಾಗತೊಡಗಿತು. ಮಾಹಿತಿ ನಿಜವಾದ ಮೇಲೆ, ಯಾವ ಯಂತ್ರ ಯಾವತ್ತು ಸಿಗುತ್ತದೆ ಅನ್ನುವುದನ್ನು ಗಿರಾಕಿಗಳಿಗೇ ವೆಬ್‌ಸೈಟಿನಲ್ಲಿ ತೋರಿಸುವ ಧೈರ್ಯ ಬಂತು. "ಪಂಪ್ ಇದೆಯಾ?" ಅಂತ ಕೇಳುವ ಫೋನುಗಳು ಇಳಿದವು. ಚಂದದ ವೆಬ್‌ಸೈಟ್ ಕೇಳಿದ್ದರಲ್ಲ, ಅದೂ ಕೊನೆಗೆ ಆಯಿತು. ಆದರೆ ಅದು ಆ ರಿಜಿಸ್ಟರಿಗೆ ಇಟ್ಟ ಕಿಟಕಿ ಮಾತ್ರ. ಒಳಗೆ ಗೊಂದಲ ಇದ್ದಾಗ ಕಿಟಕಿ ಇಟ್ಟರೆ ಗೊಂದಲವೇ ಹೊರಗೆ ಕಾಣುತ್ತದೆ.

ಇನ್ನೊಂದು ಮಾತು. 1968ರಲ್ಲಿ ಮೆಲ್ವಿನ್ ಕಾನ್ವೇ ಅನ್ನುವವರು ಒಂದು ಸಂಗತಿ ಬರೆದರು: ಯಾವ ಸಂಸ್ಥೆಯೇ ಆಗಲಿ, ಅದು ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಹಾಗೇ ಇರುತ್ತದೆ ಅಂತ. ಸೇಲ್ಸಿನವರಿಗೂ ಸ್ಟೋರಿನವರಿಗೂ ಮಾತಿಲ್ಲ ಅಂದರೆ ನಿಮ್ಮ ಸಾಫ್ಟ್‌ವೇರಿನಲ್ಲೂ ಆ ಎರಡು ಭಾಗಗಳಿಗೆ ಮಾತಿರುವುದಿಲ್ಲ. ಕೋಡ್ ಬರೆಯುವವರನ್ನು ಬೈದು ಪ್ರಯೋಜನ ಇಲ್ಲ.

ಈಗ ದರ್ಜಿಯ ವಿಷಯ. ಸಾಫ್ಟ್‌ವೇರ್ ಕೊಟ್ಟ ದಿನ ಕೆಲಸ ಮುಗಿಯುವುದಿಲ್ಲ. ನಿಯಮ ಬದಲಾಗುತ್ತದೆ, ಬ್ರೌಸರ್ ಬದಲಾಗುತ್ತದೆ, ಹಳೆಯ ಕೋಡಿನಲ್ಲಿ ಭದ್ರತೆಯ ತೂತು ಕಾಣಿಸುತ್ತದೆ. ಅದನ್ನು ನೋಡಿಕೊಳ್ಳಲು ಪ್ರತಿ ವರ್ಷ ದುಡ್ಡು ತೆಗೆದಿಡದೆ ಹೋದರೆ ಬರೆಸಲೇಬೇಡಿ. ಮತ್ತೆ, ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿ ರಿಜಿಸ್ಟರ್ ಆಗಿದೆ ನೋಡಿಕೊಳ್ಳಿ. ನನಗೆ ಗೊತ್ತಿರುವ ಒಬ್ಬರು ಡೆವಲಪರ್ ಜೊತೆ ಮನಸ್ತಾಪ ಮಾಡಿಕೊಂಡರು. ಆಮೇಲೆ ನೋಡಿದರೆ ವ್ಯಾಪಾರದ ಡೊಮೇನ್ ಅವನ ಸ್ವಂತ ಇಮೇಲಿನಲ್ಲಿತ್ತು. ಬೋರ್ಡ್ ನಿಮ್ಮದು, ಬೀಗದ ಕೈ ಅವನದು. ಡೊಮೇನ್, ಕೋಡ್, ಡೇಟಾ ಮೂರೂ ನಿಮ್ಮ ಹೆಸರಿನಲ್ಲೇ ಇರಬೇಕು. ಬೇಡ ಅನಿಸಿದ ದಿನ ಡೇಟಾ ಪೂರ್ತಿ ಕೈಗೆ ಬರಬೇಕು, ಅದನ್ನು ಮೊದಲೇ ಬರೆಸಿಕೊಳ್ಳಿ.

ಬ್ಯಾಕಪ್, ಅಂದರೆ ಡೇಟಾದ ಇನ್ನೊಂದು ಪ್ರತಿ, ಇದೆಯಾ ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. ಕೊನೆಯ ಸಲ ಅದರಿಂದ ವಾಪಸ್ ತಂದು ನೋಡಿದ್ದು ಯಾವಾಗ ಅಂತ ಕೇಳಿ. ಗಿಟ್‌ಲ್ಯಾಬ್ ಕಂಪನಿ ಕೋಡ್ ಬರೆಯುವವರಿಗೇ ಸೇವೆ ಕೊಡುವ ಕಂಪನಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಸುಸ್ತಾದ ರಾತ್ರಿಯಲ್ಲಿ ತಪ್ಪು ಸರ್ವರಿನ ಡೇಟಾ ಅಳಿಸಿದರು. ಉಳಿಸಿಕೊಳ್ಳಲು ಐದು ದಾರಿ ಇಟ್ಟುಕೊಂಡಿದ್ದರು. ನೋಡಿದರೆ ಐದರಲ್ಲಿ ಒಂದನ್ನೂ ನಂಬುವ ಹಾಗಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳ ಡೇಟಾ ಹೋಯಿತು. ಅವರು ಎಲ್ಲವನ್ನೂ ಬಹಿರಂಗವಾಗಿ ಬರೆದರು, ಅದಕ್ಕೆ ಮೆಚ್ಚಬೇಕು.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬರು ಕೇಳಿದರು: ಈಗ ಎಐ ಕೋಡ್ ಬರೆಯುತ್ತದಲ್ಲ, ನಾವೇ ಕೂತು ಮಾಡಿಕೊಳ್ಳಬಹುದಾ? ಮಾಡಿಕೊಳ್ಳಬಹುದು, ಸಣ್ಣದನ್ನು ಧಾರಾಳವಾಗಿ. ನಾನೂ ದಿನಾ ಬಳಸುತ್ತೇನೆ. ಆದರೆ ಎರಡು ಸಲ ಒತ್ತಿದರೆ ಏನಾಗಬೇಕು ಅಂತ ನೀವು ಕೇಳದಿದ್ದರೆ, ಅದೂ ಯೋಚಿಸದೆ ಇರಬಹುದು. ಮತ್ತೆ, ರಿಜಿಸ್ಟರಿನಲ್ಲಿ ಚುಕ್ಕೆ ಇದೆ ಅಂತ ಅದಕ್ಕೆ ಯಾರು ಹೇಳಬೇಕು?

ಇನ್ನೊಬ್ಬರ ಪ್ರಶ್ನೆ: ಎಲ್ಲವನ್ನೂ ಒಂದೇ ಸಲ ಬದಲಾಯಿಸಬೇಕಾ? ಬೇಡ. ಜಾಸ್ತಿ ಫೋನ್ ಬರುವ ಒಂದು ಪ್ರಶ್ನೆ ಹಿಡಿಯಿರಿ. "ನನ್ನ ಆರ್ಡರ್ ಎಲ್ಲಿದೆ?" ಅಂತ ಇರಬಹುದು. ಅದಕ್ಕೆ ಮಾತ್ರ ಉತ್ತರ ಕೊಡುವ ಒಂದು ಪುಟ ಮಾಡಿಸಿ. ಹಳೆಯ ಪದ್ಧತಿ ಪಕ್ಕದಲ್ಲಿ ಸ್ವಲ್ಪ ದಿನ ನಡೆಯುತ್ತಿರಲಿ. ಎರಡೂ ಒಂದೇ ಉತ್ತರ ಕೊಡಲು ಶುರುಮಾಡಿದ ಮೇಲೆ ಹಳೆಯದನ್ನು ನಿಲ್ಲಿಸಿ. ಹಳೆಯ ಡೇಟಾ ತುಂಬುವುದಕ್ಕೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಒಬ್ಬರೇ ಗಿರಾಕಿ ನಾಲ್ಕು ಸ್ಪೆಲ್ಲಿಂಗಿನಲ್ಲಿ ನಾಲ್ಕು ಜನ ಆಗಿರುತ್ತಾರೆ.

ಕೊನೆಯದು ಹಿಂದಿನ ಸಾಲಿನಿಂದ ಬಂತು: ಆ ಹಿರಿಯರು ಈಗ ರಿಜಿಸ್ಟರ್ ಬಿಟ್ಟರಾ?

ಇಲ್ಲ. ಹೋದ ತಿಂಗಳು ಹೋಗಿದ್ದಾಗಲೂ ಮೇಜಿನ ಮೇಲೆ ತೆರೆದೇ ಇತ್ತು. ಕೆಂಪು ಚುಕ್ಕೆ ಒಂದೂ ಇರಲಿಲ್ಲ. ಆದರೆ ಕೆಲವು ನಂಬರಿನ ಪಕ್ಕ ಹಸಿರು ಗೀಟು ಇತ್ತು. ಏನು ಸರ್ ಇದು ಅಂತ ಕೇಳುವಷ್ಟರಲ್ಲಿ ಅವರಿಗೆ ಯಾರದ್ದೋ ಫೋನ್ ಬಂತು. ಮುಂದಿನ ವಾರ ಹೋದಾಗ ಕೇಳಬೇಕು.